ಕ್ಯಾಲೆಂಡರಿನ ಚೆಲುವೆ ಮತ್ತು ಅವಳ ಮಜೂರಿ

(ಬಿ.ಸಿ.ರೋಡಿನಲ್ಲಿ ಬೀಡಿ, ಹಂಚು, ಗೇರುಬೀಜ ಮತ್ತು ಅಕ್ಕಿಮಿಲ್ಲು ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬಂತು, ಕೆಲವರಿಗೆ ಸಿಟ್ಟು ಬಂತು ಎಂದು ತಿಳಿಯಿತು. ಬೀಡಿಯ ಮಜೂರಿ, ಅಕ್ಕಿಯ ಕ್ರಯ, ಬಸ್ಸಿನ ಚಾರ್ಜು ಇಷ್ಟೆಲ್ಲ ಇರುವಾಗ ಕ್ಯಾಲೆಂಡರಿನ ಹೆಂಗಸಿನ ಬಗ್ಗೆ ಮಾತಾಡಲು ಮಾಸ್ತರರಿಗೆ ಬೇರೆ ಕೆಲಸವಿಲ್ಲವೋ ಎಂದು ಕೇಳಿದವರೂ ಉಂಟು. ನಾನು ಮಾತಾಡಲಿಕ್ಕಿರುವುದೂ ಮಜೂರಿಯ ವಿಷಯವೇ. ಸ್ವಲ್ಪ ಸುತ್ತುದಾರಿಯಿಂದ ಬರುತ್ತೇನೆ, ಅಷ್ಟೆ.

ಕಳೆದ ಕೂಟದಲ್ಲಿ ಎದ್ದ ತಕರಾರು ನಿಮಗೆಲ್ಲ ಗೊತ್ತೇ ಇದೆ. ಗ್ಯಾರೇಜು, ಕ್ಷೌರದಂಗಡಿ, ಸಾಮಾನಿನ ಅಂಗಡಿಗಳಲ್ಲಿ ತೂಗುವ ಹೆಂಗಸರ ಚಿತ್ರಗಳನ್ನೆಲ್ಲ ಕಿತ್ತು ಸುಡಬೇಕು ಎಂದು ಒಂದು ಪಕ್ಷ. ಅದು ಅಂಗಡಿಯವನ ಇಷ್ಟ, ಯಾರೂ ಕೇಳಲಿಕ್ಕಿಲ್ಲ ಎಂದು ಇನ್ನೊಂದು ಪಕ್ಷ. ನಡುವೆ ಬೀಡಿ ಕಟ್ಟುವ ಒಬ್ಬ ಅಕ್ಕ ಎದ್ದು ನಿಂತು ಎರಡೇ ಮಾತು ಹೇಳಿದರು: "ಆ ಚಿತ್ರದ ಕೆಳಗೆ ನಿಂತು ನಾವು ಸಾಮಾನು ಕೇಳುವಾಗ ಅಲ್ಲಿರುವ ಗಂಡಸರು ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ನಮ್ಮನ್ನು ನೋಡುತ್ತಾರೆ." ಆಮೇಲೆ ಸಭೆಯಲ್ಲಿ ಗದ್ದಲ ನಿಂತಿತು. ಆದರೆ ಆ ಮಾತಿಗೆ ಉತ್ತರ ಯಾರೂ ಕೊಡಲಿಲ್ಲ. ಇವತ್ತು ಉತ್ತರಕ್ಕೆ ಪ್ರಯತ್ನಪಡುತ್ತೇನೆ.

ಸುಡಬೇಕು ಎಂದವರೂ ಇರಲಿ ಎಂದವರೂ ಚಿತ್ರವನ್ನು ಮಾತ್ರ ನೋಡಿದರು. ಅದನ್ನು ಬರೆದವನು ಯಾರು, ಅದಕ್ಕಾಗಿ ನಿಂತವಳು ಯಾರು, ಅಚ್ಚು ಹಾಕಿದವರು ಯಾರು, ಹಣ ಯಾರಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಹಂಚಿನ ಮಾಡಿನ ಕೆಳಗೆ ಮಲಗುವವನು ಮಣ್ಣು ತುಳಿದವನನ್ನು ನೆನೆಯುವುದುಂಟೋ? ಹಾಗೆಯೇ ಇದು.

ಬಂಟ್ವಾಳ ಕ್ರಾಸ್ ರೋಡು ಎಂಬುದೇ ಬಾಯಲ್ಲಿ ಸವೆದು ಬಿ.ಸಿ.ರೋಡ್ ಆಯಿತು. ಹೆದ್ದಾರಿಯಿಂದ ಬಂಟ್ವಾಳಕ್ಕೆ ತಿರುಗುವ ಜಾಗ ನಮ್ಮದು. ಇಂಥ ಅಡ್ಡದಾರಿಯ ಪೇಟೆಗೆ ಎಲ್ಲ ಸರಕೂ ಬರುತ್ತದೆ, ಚಿತ್ರವೂ ಬರುತ್ತದೆ. ಬಸ್ಸಿಗೆ ಕಾಯುವವನು ಅಂಗಡಿಯೊಳಗೆ ಕಣ್ಣು ಹಾಯಿಸಿದರೆ ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಮಕ್ಕಾ ಮದೀನ, ಅತ್ತ ಏಸುಸ್ವಾಮಿ, ಮೂಲೆಯಲ್ಲಿ ಸೆರಗು ಜಾರಿದ ಒಬ್ಬ ಚೆಲುವೆ.

ಅಮೇರಿಕದವರು ಈ ಬಗೆಯ ಚಿತ್ರಕ್ಕೆ ಪಿನ್-ಅಪ್ ಎಂದು ಹೆಸರಿಟ್ಟರು. ಗುಂಡುಸೂಜಿ ಚುಚ್ಚಿ ಗೋಡೆಗೆ ಸಿಕ್ಕಿಸುವ ಚಿತ್ರ ಎಂದರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಶಬ್ದ ಎಲ್ಲ ಕಡೆ ಹಬ್ಬಿತು. ಶಬ್ದ ಅಲ್ಲಿಯದಾದರೂ ವಸ್ತು ನಮಗೆ ಹೊಸದಲ್ಲ. ಯುದ್ಧಕ್ಕೆ ಎಷ್ಟೋ ಮುಂಚೆ ಮ್ಯಾಂಚೆಸ್ಟರಿನ ಮಿಲ್ಲಿನವರು ಬಟ್ಟೆಯ ಥಾನಿಗೆ ಬಣ್ಣದ ಚೀಟಿ ಅಂಟಿಸಿ ನಮ್ಮ ದೇಶಕ್ಕೆ ಕಳಿಸುತ್ತಿದ್ದರು. ಆ ಚೀಟಿಯಲ್ಲಿ ದೇವತೆಗಳು, ರಾಣಿಯರು, ಚೆಲುವೆಯರು. ಓದಲು ಬಾರದವನೂ ಚಿತ್ರ ನೋಡಿ ಇಂಥ ಗುರುತಿನ ಬಟ್ಟೆ ಕೊಡಿ ಎಂದು ಕೇಳಲಿ ಎಂಬುದು ಅದರ ಉಪಾಯ. ನೇಕಾರನ ಮಗ್ಗ ಇಲ್ಲಿ ನಿಂತಿತು, ಚೀಟಿಯನ್ನು ಮಾತ್ರ ಜನ ಜೋಪಾನವಾಗಿ ಇಟ್ಟುಕೊಂಡರು.

ಅಚ್ಚಿನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ, ಸಹಿಸಿಕೊಳ್ಳಿ. ಕಲ್ಲಚ್ಚು ಎಂಬುದು ನಮ್ಮ ಜಿಲ್ಲೆಗೆ ಬಹಳ ಹಿಂದೆಯೇ ಬಂದ ವಿದ್ಯೆ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ತೆರೆದರು. 1843ರಲ್ಲಿ ಮೋಗ್ಲಿಂಗ್ ಸಾಹೇಬರು ಹೊರಡಿಸಿದ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲೇ ಅಚ್ಚಾದದ್ದು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುವುದು, ಕಲ್ಲಿಗೆ ನೀರು ಬಳಿಯುವುದು, ಆಮೇಲೆ ಅಚ್ಚಿನ ಶಾಯಿ ಉರುಳಿಸುವುದು. ಜಿಡ್ಡು ಇದ್ದಲ್ಲಿ ಶಾಯಿ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಇಷ್ಟೇ ಗುಟ್ಟು.

ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಗಲ್ಲದ ತಿಳಿಗೆಂಪಿಗೆ ಒಂದು, ತುಟಿಯ ಕೆಂಪಿಗೆ ಮತ್ತೊಂದು, ಸೀರೆಯ ನೀಲಿಗೆ ಇನ್ನೊಂದು. ಹೀಗೆ ಒಂದು ಚೆಲುವೆಗೆ ಹತ್ತು, ಹನ್ನೆರಡು, ಅದಕ್ಕಿಂತಲೂ ಹೆಚ್ಚು ಕಲ್ಲು. ಒಂದೇ ಕಾಗದ ಅಷ್ಟೂ ಕಲ್ಲುಗಳ ಮೇಲೆ ಸರಿಯಾಗಿ ಅದೇ ಜಾಗಕ್ಕೆ ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೆ ತುಟಿಯ ಕೆಂಪು ಗದ್ದಕ್ಕೆ ಜಾರುತ್ತದೆ, ಕಣ್ಣಿನ ಕಪ್ಪು ಮೂಗಿಗೆ ಬರುತ್ತದೆ. ಅಗ್ಗದ ಕ್ಯಾಲೆಂಡರಿನಲ್ಲಿ ಎರಡು ತುಟಿ ಇದ್ದ ಹಾಗೆ ಕಂಡರೆ ನಗಬೇಡಿ. ಅವಸರದಲ್ಲಿ ಯಾವನೋ ಒಬ್ಬನ ಕೈ ಸೋತಿದೆ ಎಂದು ತಿಳಿಯಿರಿ. ಆಮೇಲೆ ಆಫ್‌ಸೆಟ್ ಬಂತು, ಕಲ್ಲು ಹೋಯಿತು, ಹಳದಿ, ಕೆಂಪು, ನೀಲಿ, ಕಪ್ಪು ನಾಲ್ಕೇ ಶಾಯಿಯಲ್ಲಿ ಎಲ್ಲ ಬಣ್ಣವೂ ಬರುವಂತಾಯಿತು. ಕೂದಲೆಳೆಯ ಲೆಕ್ಕ ಮಾತ್ರ ಹೋಗಲಿಲ್ಲ.

ಈ ದೇಶದ ಗೋಡೆಗಳಿಗೆ ಬಣ್ಣದ ಹೆಂಗಸನ್ನು ತಂದವರಲ್ಲಿ ದೊಡ್ಡ ಹೆಸರು ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದರು, ಜರ್ಮನಿಯಿಂದ ಯಂತ್ರವನ್ನೂ ಕೆಲಸ ಬಲ್ಲವರನ್ನೂ ತರಿಸಿದರು. ಆಮೇಲೆ ಅಚ್ಚುಕೂಟ ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ಸಾಲದ ಹೊರೆ ತಾಳದೆ ಕೆಲವೇ ವರ್ಷಗಳಲ್ಲಿ ಅದನ್ನು ಅಲ್ಲಿಯ ಜರ್ಮನ್ ಕೆಲಸಗಾರ ಶ್ಲೈಶರನಿಗೇ ಮಾರಿಬಿಟ್ಟರು. ಅಚ್ಚುಕೂಟದ ಜತೆಗೆ ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಹೋಯಿತು. ಶಕುಂತಲೆ, ದಮಯಂತಿ, ಮೇನಕೆ ಇವರೆಲ್ಲ ಅಲ್ಲಿಂದ ಊರೂರಿಗೆ ಹೊರಟರು. ವಿಶ್ವಾಮಿತ್ರನ ತಪಸ್ಸು ಕೆಡಿಸುವ ಮೇನಕೆಯ ಚಿತ್ರವನ್ನು ಮಡಿವಂತರೂ ಜಗಲಿಯಲ್ಲಿ ತೂಗಿಸಿದರು. ಪುರಾಣದ ಹೆಸರಿದ್ದರೆ ಸೆರಗು ಎಷ್ಟು ಜಾರಿದರೂ ದೋಷವಿಲ್ಲ! ನಮ್ಮ ಕಡೆಯ ಪಿನ್-ಅಪ್‌ಗೆ ಗುಂಡುಸೂಜಿಯಾಗಿ ಒದಗಿದ್ದು ಪುರಾಣ ಎಂದರೆ ತಪ್ಪಾಗಲಾರದು.

ರವಿವರ್ಮರ ಮೂಲ ಚಿತ್ರಗಳು ಕೆಲವು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಉಂಟು. ಆದರೆ ಅಲ್ಲಿಗೆ ಹೋದವರು ಮುಗಿಬಿದ್ದು ನೋಡುವುದು ಬೇರೊಂದು ಚಿತ್ರವನ್ನು. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿಟ್ಟುಕೊಂಡು ನಿಂತ ಹೆಂಗಸು. ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ. ನಿಮ್ಮಲ್ಲಿ ಅನೇಕರು ಇದನ್ನು ಕ್ಯಾಲೆಂಡರಿನಲ್ಲೋ ಕನ್ನಡಿ ಹಾಕಿದ ಪಟದಲ್ಲೋ ನೋಡಿರುತ್ತೀರಿ. ಬರೆದವರು ಯಾರು ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ರವಿವರ್ಮ ಎನ್ನುತ್ತಾರೆ. ಅಲ್ಲ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ; ಆಗ ಈ ಹುಡುಗಿ ಹುಟ್ಟಿಯೇ ಇರಲಿಲ್ಲ. ಅವರು 102 ವರ್ಷ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ಆವತ್ತು ಪತ್ರಿಕೆ ನೋಡಿದ ಮೇಲೆಯೇ ಎಷ್ಟೋ ಮಂದಿಗೆ ಆ ಮುಖಕ್ಕೆ ಒಂದು ಹೆಸರುಂಟು ಎಂದು ಗೊತ್ತಾದದ್ದು. ಸಾವಿರ ಸಾವಿರ ಗೋಡೆಗಳಲ್ಲಿ ನಿಂತ ಹೆಂಗಸು ತನ್ನದೇ ಹೆಸರಿಲ್ಲದೆ, ಅಪ್ಪನ ಹೆಸರೂ ಇಲ್ಲದೆ ನಿಂತಿದ್ದಳು.

ಇನ್ನು ನಮ್ಮ ಕಲಬುರ್ಗಿಯವರಾದ ಎಸ್.ಎಂ. ಪಂಡಿತರ ಸಂಗತಿ. 1916ರಲ್ಲಿ ಹುಟ್ಟಿದವರು, ಮುಂಬಯಿ ಸೇರಿದರು. ಸಿನೆಮಾ ಮಂದಿರಗಳಿಗೆ ಪ್ರಚಾರಚಿತ್ರ ಬರೆದರು, ಫಿಲ್ಮ್ ಇಂಡಿಯ ಪತ್ರಿಕೆಗೆ ಮುಖಚಿತ್ರ ಬರೆದರು. ನಟಿಯರ ಮುಖದ ಮೇಲೆ ಸ್ಟುಡಿಯೋದ ದೀಪ ಬಿದ್ದು ಹೊಳೆಯುವ ಆ ಹೊಳಪನ್ನು ಬಣ್ಣದಲ್ಲಿ ತರುವ ಕೈ ಅವರದು. ಮುಂದೆ ಕ್ಯಾಲೆಂಡರಿಗೆ ರಾಧೆಯನ್ನೂ ಮೇನಕೆಯನ್ನೂ ಬರೆದಾಗ ಅದೇ ಹೊಳಪು ಅವರ ಕೆನ್ನೆಗೂ ತೋಳಿಗೂ ಬಂತು. ಪುರಾಣದ ಹೆಣ್ಣಿಗೂ ಸಿನೆಮಾದ ಹೆಣ್ಣಿಗೂ ಗೋಡೆಯ ಮೇಲೆ ವ್ಯತ್ಯಾಸವೇ ಇಲ್ಲದಂತಾಯಿತು. ದೊಡ್ಡ ಚಿತ್ರಕಲೆಯ ಪಂಡಿತರು ಇದನ್ನು ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದದ್ದುಂಟು. ನನಗೆ ಆ ಮೂಗು ಮುರಿಯುವಿಕೆ ಒಪ್ಪಿಗೆಯಿಲ್ಲ. ಬೆಳಕು ಬಿದ್ದ ಚರ್ಮವನ್ನು ಹಾಗೆ ಬರೆಯಲು ವರ್ಷಗಟ್ಟಲೆಯ ಸಾಧನೆ ಬೇಕು. 1993ರಲ್ಲಿ ಅವರು ತೀರಿಕೊಂಡರು. ಕಲಬುರ್ಗಿಯಲ್ಲಿ ಒಂದು ರಂಗಮಂದಿರಕ್ಕೆ ಅವರ ಹೆಸರಿದೆ. ಅವರ ಚಿತ್ರ ತೂಗಿಸಿದ ಅಂಗಡಿಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿತ್ತೋ!

ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಎಂಬ ನಟಿ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಮುಖ ಕೊಟ್ಟರು. ಭಾರತೀಯ ನಟಿಯರಲ್ಲಿ ಹಾಗೆ ಕೊಟ್ಟವರು ಅವರೇ ಮೊದಲು. ಹತ್ತು ವರ್ಷ ಕಳೆದು 1951ರಲ್ಲಿ ಆವಾರಾ ಚಿತ್ರದಲ್ಲಿ ರಾಜಕಪೂರನಿಗೆ ತಾಯಿಯಾದರು. ಆ ಮೇಲೆ ತಾಯಿಯ ಪಾತ್ರವೇ ಅವರ ಪಾಲಿಗೆ ಬಂತು. ಸಾಬೂನು ಕಂಪೆನಿಗೆ ಹೊಸ ಮುಖಗಳು ಸಿಗುತ್ತಲೇ ಹೋದವು.

ಈಗ ಅಮೇರಿಕಕ್ಕೆ ಹೋಗೋಣ, ಯಾಕೆಂದರೆ ಈ ವ್ಯಾಪಾರದ ಲೆಕ್ಕಪತ್ರ ಅಲ್ಲಿ ಕೋರ್ಟಿನ ತನಕ ಬಂದು ಬಯಲಾಗಿದೆ. ಅಲ್ಲಿ ಬ್ರೌನ್ ಮತ್ತು ಬಿಗೆಲೋ ಎಂಬ ಕ್ಯಾಲೆಂಡರ್ ಕಂಪೆನಿ 1896ರಲ್ಲಿ ಮಿನೆಸೋಟಾದ ಸೇಂಟ್ ಪಾಲ್ ಊರಿನಲ್ಲಿ ಹುಟ್ಟಿತು. ನಮ್ಮ ಜವಳಿ ಅಂಗಡಿಯವರು ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕ್ಯಾಲೆಂಡರ್ ಕೊಡುತ್ತಾರಲ್ಲ, ಆ ವ್ಯಾಪಾರವೇ. ಗ್ಯಾರೇಜಿನವನು, ಬಿಡಿಭಾಗ ಮಾರುವವನು ತನ್ನ ಹೆಸರು ಅಚ್ಚು ಹಾಕಿಸಿ ಹಂಚುವುದು. ಅವರಿಗಾಗಿ ಗಿಲ್ ಎಲ್ವ್‌ಗ್ರೆನ್ ಎಂಬ ಚಿತ್ರಕಾರ ವರ್ಷಾನುಗಟ್ಟಲೆ ಚೆಲುವೆಯರನ್ನು ಬರೆದ. ಮೊದಲು ಹುಡುಗಿಯನ್ನು ನಿಲ್ಲಿಸಿ ಫೋಟೋ ತೆಗೆಯುವುದು, ಆಮೇಲೆ ಅದನ್ನು ನೋಡಿ ಎಣ್ಣೆಬಣ್ಣದಲ್ಲಿ ಬರೆಯುವುದು. ಬರೆಯುವಾಗ ಕಾಲು ಉದ್ದವಾಗುತ್ತದೆ, ಸೊಂಟ ಸಣ್ಣದಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ. ಅಂಥ ಹೆಂಗಸು ಭೂಮಿಯ ಮೇಲೆ ಇಲ್ಲ.

ಇದು ನಮ್ಮ ಜಿಲ್ಲೆಯವರಿಗೆ ಅರ್ಥವಾಗದ ಸಂಗತಿಯಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ನೋಡುತ್ತೇವೆ. ಮೀಸೆ ಬೋಳಿಸಿ, ಸೀರೆ ಉಡಿಸಿ, ಬಳುಕು ಕಲಿಸಿ ಮಾಡಿದ ಹೆಣ್ಣು ಅದು ಎಂದು ಮಗುವಿಗೂ ಗೊತ್ತು. ಆದರೂ ದಾಕ್ಷಾಯಿಣಿ ಅತ್ತರೆ ನಾವೂ ಅಳುತ್ತೇವೆ. ಆಟ ಮುಗಿದು ಬೆಳಗಾದ ಮೇಲೆ ಮನೆಯ ಹೆಂಡತಿಗೆ ನೀನು ಯಾಕೆ ಹಾಗೆ ಬಳುಕುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನಾವು ಕಣ್ಣಾರೆ ಕಂಡವರು. ಕ್ಯಾಲೆಂಡರಿನ ಚೆಲುವೆಗೆ ಬಣ್ಣ ಹಚ್ಚುವ ಚೌಕಿ ನಮಗೆ ಕಾಣಿಸುವುದಿಲ್ಲ. ಹಾಗಾಗಿ ನಮ್ಮ ಅಕ್ಕ ಹೇಳಿದ ಹಾಗೆ ಒಮ್ಮೆ ಅದನ್ನು, ಒಮ್ಮೆ ಇವರನ್ನು ನೋಡಿ ಅಳೆಯುವ ಕೆಟ್ಟ ಚಾಳಿ ಬಂತು.

ಆಲ್ಬರ್ಟೋ ವರ್ಗಾಸ್ ಎಂಬವನ ಕತೆ ಕೇಳಿ. ದಕ್ಷಿಣ ಅಮೇರಿಕದ ಪೆರು ದೇಶದಲ್ಲಿ 1896ರಲ್ಲಿ ಹುಟ್ಟಿದವನು. ನ್ಯೂಯಾರ್ಕಿಗೆ ಬಂದು ನಾಟಕ ಕಂಪೆನಿ, ಸಿನೆಮಾ ಕಂಪೆನಿಗಳಿಗೆ ಬರೆದು ಬದುಕಿದ. 1940ರಿಂದ ಎಸ್ಕ್ವಾಯರ್ ಪತ್ರಿಕೆಗೆ ಬರೆಯಲಿಕ್ಕೆ ಹಿಡಿದ. ನೀರಿನಲ್ಲಿ ಕಲಸಿದ ತೆಳುಬಣ್ಣವನ್ನು ಗಾಳಿಯಿಂದ ಚಿಮುಕಿಸಿ ಮೈಬಣ್ಣ ತರುವ ಅವನ ಜಾಣ್ಮೆಗೆ ಸಾಟಿಯಿರಲಿಲ್ಲ. ಪತ್ರಿಕೆಯವರು ಅವನ ಹೆಸರಿನ ಕೊನೆಯ ಅಕ್ಷರ ಕತ್ತರಿಸಿ ವರ್ಗಾ ಹುಡುಗಿ ಎಂದು ಚಿತ್ರಗಳಿಗೆ ಹೆಸರಿಟ್ಟರು. ಯುದ್ಧದಲ್ಲಿ ಸಿಪಾಯಿಗಳು ಆ ಚಿತ್ರ ನೋಡಿ ವಿಮಾನದ ಮೂತಿಯ ಮೇಲೆ ಹೆಣ್ಣು ಬರೆದುಕೊಂಡರು. 1944ರಲ್ಲಿ ಪತ್ರಿಕೆಯವರು ಹೊಸ ಕರಾರು ತಂದರು, ವರ್ಗಾಸ್ ಸಹಿ ಹಾಕಿದ. ಹತ್ತು ವರ್ಷದ ಕರಾರು. ಚಿತ್ರವೂ ಕಂಪೆನಿಯದು, ವರ್ಗಾ ಎಂಬ ಹೆಸರೂ ಕಂಪೆನಿಯದು. 1946ರಲ್ಲಿ ಅವನು ಕರಾರು ಮುರಿದು ಹೊರಬಂದ. ಕಂಪೆನಿಯವರು ಕೈಯಲ್ಲಿದ್ದ ಅವನ ಚಿತ್ರಗಳನ್ನು ಅವನ ಹೆಸರು ತೆಗೆದು ಎಸ್ಕ್ವಾಯರ್ ಹುಡುಗಿ ಎಂದು ಅಚ್ಚು ಹಾಕಿದರು. ಕೋರ್ಟಿಗೆ ಹೋದ. 1947ರಲ್ಲಿ ಅಪೀಲು ಕೋರ್ಟು ತೀರ್ಪು ಕೊಟ್ಟಿತು: ಮಾರಿದ ಮೇಲೆ ನಿನಗೆ ಯಾವ ಹಕ್ಕೂ ಉಳಿದಿಲ್ಲ. ಕೈಯಿಂದ ಬರೆದದ್ದು ಹೋಯಿತು, ಹುಟ್ಟಿನಿಂದ ಬಂದ ಹೆಸರಿನ ತುಂಡೂ ಹೋಯಿತು.

ಚಿತ್ರಕ್ಕೆ ನಿಂತವರ ಲೆಕ್ಕ ಇನ್ನೂ ಕಡೆ. 1949ರ ಮೇ ತಿಂಗಳಲ್ಲಿ ಹಾಲಿವುಡ್ಡಿನಲ್ಲಿ ಕೆಲಸವಿಲ್ಲದೆ ಕೈಬರಿದಾಗಿದ್ದ ಒಬ್ಬ ಹುಡುಗಿ ಟಾಮ್ ಕೆಲ್ಲಿ ಎಂಬ ಫೋಟೋಗ್ರಾಫರನ ಮುಂದೆ ಬಟ್ಟೆಯಿಲ್ಲದೆ ನಿಂತಳು. ಸಿಕ್ಕಿದ್ದು 50 ಡಾಲರು. ಕೆಲ್ಲಿ ಅದನ್ನು ಕ್ಯಾಲೆಂಡರ್ ಕಂಪೆನಿಗೆ 500 ಡಾಲರಿಗೆ ಮಾರಿದ. ಕಂಪೆನಿ ಲಕ್ಷಗಟ್ಟಲೆ ಕ್ಯಾಲೆಂಡರ್ ಅಚ್ಚು ಹಾಕಿತು. ಆ ಹುಡುಗಿ ಮುಂದೆ ಮೆರಿಲಿನ್ ಮನ್ರೋ ಎಂದು ಜಗತ್ಪ್ರಸಿದ್ಧಳಾದಳು. 1952ರಲ್ಲಿ ಇದು ಬಯಲಾದಾಗ ಸ್ಟುಡಿಯೋದವರು ಹೆದರಿದರು. ಅವಳು ಹೆದರಲಿಲ್ಲ, ಹೌದು ನಾನೇ, ಹಣವಿರಲಿಲ್ಲ ಎಂದಳು. ಆ ಕ್ಯಾಲೆಂಡರಿನ ಪ್ರತಿಯೊಂದು ಹಾಳೆಯ ಮೇಲೆ ಲಾಭ ಬಂದವರಿದ್ದರು. ಅವಳ ಪಾಲಿಗೆ ಆ 50 ಡಾಲರಿನ ಮೇಲೆ ಒಂದು ಕಾಸೂ ಸೇರಲಿಲ್ಲ.

ಒಂದು ಮಾತ್ರ ಬೇರೆ ತರದ್ದು. ಜೋ ಮೋಜರ್ಟ್ ಎಂಬ ಹೆಂಗಸು ಇದೇ ಕ್ಯಾಲೆಂಡರಿನ ಚಿತ್ರ ಬರೆದು ಬದುಕಿದವಳು. ಕನ್ನಡಿ ಇಟ್ಟುಕೊಂಡು ತನ್ನನ್ನೇ ನೋಡಿ ಬರೆಯುತ್ತಿದ್ದಳು. ನಿಂತವಳೂ ಅವಳೇ, ಬರೆದವಳೂ ಅವಳೇ. ಗಂಡಸರ ಕಣ್ಣಿಗಾಗಿಯೇ ಬರೆದದ್ದಾದರೂ ಕುಂಚ ತನ್ನ ಕೈಯಲ್ಲಿತ್ತಲ್ಲ!

ಊರಿಗೆ ಹಿಂದಿರುಗೋಣ. ನಮ್ಮ ಪೇಟೆಗೆ ಬರುವ ಬಹಳಷ್ಟು ಕ್ಯಾಲೆಂಡರಿನ ತವರು ಶಿವಕಾಶಿ. 1920ರ ದಶಕದ ಆರಂಭದಲ್ಲಿ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬಿಬ್ಬರು ಕಲ್ಕತ್ತಕ್ಕೆ ಹೋಗಿ ಬೆಂಕಿಪೆಟ್ಟಿಗೆ ಮಾಡುವ ವಿದ್ಯೆ ಕಲಿತು ಬಂದರು. ಪೆಟ್ಟಿಗೆಗೆ ಚೀಟಿ ಬೇಕಾಯಿತು, ಚೀಟಿಗೆ ಅಚ್ಚುಕೂಟ ಬೇಕಾಯಿತು, ಅಚ್ಚುಕೂಟಕ್ಕೆ ವರ್ಷವಿಡೀ ಕೆಲಸ ಬೇಕಾಗಿ ಕ್ಯಾಲೆಂಡರ್ ಬಂತು. ತಮಿಳರ ಆಡಿ ತಿಂಗಳ 18ನೆಯ ದಿನ ಅಲ್ಲಿ ಮುಂದಿನ ವರ್ಷದ ಮಾದರಿ ಪುಸ್ತಕ ಹೊರಡುತ್ತದೆ. ಏಜೆಂಟರು ಅದನ್ನು ಹಿಡಿದು ಅಂಗಡಿ ಅಂಗಡಿಗೆ ಬರುತ್ತಾರೆ. ವ್ಯಾಪಾರಿ ಮಿತ್ರರೆ, ಚಿತ್ರದ ಕೆಳಗೆ ಖಾಲಿ ಬಿಟ್ಟ ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆ. ಚಿತ್ರಕಾರನ ಹೆಸರಿಗೆ ಜಾಗವಿಲ್ಲ. ಬೆಂಕಿಪೆಟ್ಟಿಗೆಯ ಕಾರ್ಖಾನೆಗಳಲ್ಲಿ ದುಡಿದ ಮಕ್ಕಳ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ 1996ರಲ್ಲಿ ತೀರ್ಪಾದದ್ದು ನಿಮಗೆ ನೆನಪಿರಬಹುದು.

ಬೀಡಿಯ ಕಟ್ಟಿಗೆ ಸುತ್ತುವ ಬಣ್ಣದ ಚೀಟಿಯನ್ನೇ ನೋಡಿ. ದೇವರೋ, ಧಣಿಯ ಭಾವಚಿತ್ರವೋ, ಹುಲಿಯೋ, ಹೂವೋ ಅದರಲ್ಲಿ ಇರುತ್ತದೆ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಕೊಡುವ ಹೆಂಗಸಿನ ಚಿತ್ರ ಯಾವ ಚೀಟಿಯಲ್ಲಾದರೂ ಕಂಡಿರೋ? 1966ರಲ್ಲಿ ಬೀಡಿ ಕೆಲಸಗಾರರ ಕಾಯಿದೆ ಬಂದಾಗ ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳು ಎಂದು ಕಾಗದದ ಮೇಲೆ ಒಪ್ಪಿದರು. ಚೀಟಿಯ ಕಾಗದ ಇನ್ನೂ ಒಪ್ಪಿಲ್ಲ. ದುಡಿಯುವ ಹೆಂಗಸು ಸರಕಿನ ಮೇಲೆ ಕಾಣುವುದಿಲ್ಲ. ಕಾಣುವವಳು ದುಡಿದವಳಲ್ಲ, ದುಡಿದರೂ ಆ ದುಡಿಮೆ ಲೆಕ್ಕಕ್ಕಿಲ್ಲ.

ಇನ್ನು ನಮ್ಮ ತಕರಾರು. ಪೊಲೀಸರಿಗೆ ಹೇಳಿ ಕೀಳಿಸಬೇಕು ಎನ್ನುವವರಿಗೆ ಒಂದು ಮಾತು. ಮಹಿಳೆಯರ ಅಸಭ್ಯ ಚಿತ್ರಣದ ವಿರುದ್ಧ 1986ರಲ್ಲೇ ನಮ್ಮಲ್ಲಿ ಕಾಯಿದೆ ಆಗಿದೆ. ನಿಜವಾಗಿ ಹೊಲಸಾದದ್ದಿದ್ದರೆ ಅದು ಉಂಟು. ಆದರೆ ಯಾವುದು ಹೊಲಸು ಎಂದು ಠಾಣೆಯಲ್ಲಿ ತೀರ್ಮಾನವಾಗುವುದು ನನಗೆ ಇಷ್ಟವಿಲ್ಲ. ಅಮೇರಿಕದಲ್ಲಿ 1943ರಲ್ಲಿ ಅಂಚೆಯ ಮುಖ್ಯಾಧಿಕಾರಿ ಈ ಎಸ್ಕ್ವಾಯರ್ ಪತ್ರಿಕೆ ಜನಹಿತದ್ದಲ್ಲವೆಂದು ಅದರ ಅಂಚೆ ರಿಯಾಯಿತಿ ಕಿತ್ತುಕೊಂಡ. 1946ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಅಧಿಕಾರಿಯ ರುಚಿಯಿಂದ ಪತ್ರಿಕೆ ನಡೆಯಬೇಕಾಗಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಇವತ್ತು ಚಿತ್ರ ಕಿತ್ತವನು ನಾಳೆ ನಮ್ಮ ಈ ವಾರಪತ್ರಿಕೆಯನ್ನೂ ಕೀಳಲಿಕ್ಕೆ ಬರುತ್ತಾನೆ.

ಅಂಗಡಿಯವನ ಇಷ್ಟ ಎಂದವರಿಗೂ ಹೇಳುತ್ತೇನೆ. ನಿಮ್ಮ ಮಲಗುವ ಕೋಣೆಯಲ್ಲಿ ಏನು ತೂಗಿಸುತ್ತೀರಿ ಎಂದು ಕೇಳಲು ನಾನು ಬರುವುದಿಲ್ಲ. ಅಂಗಡಿಯ ಗೋಡೆ, ಮಿಲ್ಲಿನ ಆಫೀಸು, ಬೀಡಿ ಬ್ರಾಂಚು ಹಾಗಲ್ಲ. ಅಲ್ಲಿ ಹೆಂಗಸರು ಬರಲೇಬೇಕು, ಸರದಿಯಲ್ಲಿ ನಿಲ್ಲಲೇಬೇಕು, ಬೀಡಿ ಚೆನ್ನಾಗಿಲ್ಲ ಎಂದು ತಳ್ಳಿದರೆ ಬಾಯಿ ಮುಚ್ಚಿ ಕೇಳಲೂ ಬೇಕು. ಅಂಥ ಜಾಗದಲ್ಲಿ ಬಂದು ನಿಲ್ಲುವವರಿಗೆ ಸಂಕಟವಾಗುತ್ತದೆ ಎಂದ ಮೇಲೆ ಅದನ್ನು ಇಳಿಸಬೇಕು. ಇಳಿಸಬೇಕಾದವನು ಅಂಗಡಿಯ ಯಜಮಾನನೇ, ಗುಂಪು ಕಟ್ಟಿ ಬಂದವರಲ್ಲ. ಇಳಿಸಿದ್ದನ್ನು ಸುಡಬೇಡಿ. ಚೆನ್ನಾದ ಕೈಯ ಕೆಲಸವಿದ್ದರೆ ಸುರುಳಿ ಸುತ್ತಿ ಇಡಿ. ನಮ್ಮ ಕೂಟಕ್ಕೆ ಕೊಟ್ಟರೂ ಆದೀತು, ಹಳೆಯ ಕಲ್ಲಚ್ಚಿನ ಚಿತ್ರಗಳು ಈಗ ದುರ್ಲಭ.

ಇನ್ನೊಂದು ಕೆಲಸ ವ್ಯಾಪಾರಿ ಮಿತ್ರರಿಂದ ಆಗಬೇಕು. ಈ ಸಲ ಏಜೆಂಟ್ ಮಾದರಿ ಪುಸ್ತಕ ಬಿಡಿಸಿದಾಗ ಚಿತ್ರದ ಮೂಲೆಯಲ್ಲಿ ಬರೆದವನ ಸಹಿ ಉಂಟೋ ಎಂದು ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಹತ್ತು ಅಂಗಡಿಯವರು ಕೇಳಿದರೆ ಅವನು ಊರಿಗೆ ಹೋಗಿ ಧಣಿಗೆ ಹೇಳುತ್ತಾನೆ. ನಾಲ್ಕೈದು ಅಂಗಡಿಯವರು ಸೇರಿ ನಮ್ಮ ಕಡೆಯ ಬೋರ್ಡು ಬರೆಯುವವರಿಂದಲೇ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಬಹುದೋ ಎಂದೂ ಯೋಚಿಸಿ. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಅನೇಕರು ಕುಂಚ ಬಿಟ್ಟು ಗೋಡೆಗೆ ಸುಣ್ಣ ಬಳಿಯಲು ಹೋಗುತ್ತಿದ್ದಾರೆ. ಬೀಡಿ ಕಟ್ಟುವ ಹೆಂಗಸನ್ನು ಬರೆಯಲಿ, ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯನ್ನು ಬರೆಯಲಿ, ಮೇನಕೆಯನ್ನೇ ಬರೆಯುತ್ತೇನೆಂದರೆ ಮೇನಕೆಯನ್ನೂ ಬರೆಯಲಿ. ಕರಾರು ಮಾತ್ರ ಬರಹದಲ್ಲಿ ಇರಬೇಕು: ಎಷ್ಟು ಪ್ರತಿಗೆ ಎಷ್ಟು ಹಣ, ಮರುವರ್ಷ ಮತ್ತೆ ಅಚ್ಚು ಹಾಕಿದರೆ ಎಷ್ಟು, ಹೆಸರು ಎಲ್ಲಿ ಬರುತ್ತದೆ. ಯಾರಾದರೂ ಚಿತ್ರಕ್ಕೆ ನಿಂತರೆ ಅವರ ಪಾಲೂ ಅದರಲ್ಲೇ ಬರೆದಿರಲಿ.

ಮೇಜಿನ ಮೇಲೆ ಐದಾರು ಹಳೆಯ ಕ್ಯಾಲೆಂಡರುಗಳನ್ನು ತಂದಿಟ್ಟಿದ್ದೇನೆ, ಒಂದು ಭೂತಗನ್ನಡಿಯೂ ಉಂಟು. ಒಬ್ಬೊಬ್ಬರಾಗಿ ಬಂದು ತುಟಿಯ ಅಂಚಿನಲ್ಲಿ ಬಣ್ಣ ಹೇಗೆ ಕೂತಿದೆ ನೋಡಿ. ಹೆಂಗಸರು ಮೊದಲು ಬರಲಿ, ಅವರಿಗೆ ಮನೆಗೆ ಹೋಗಿ ಉಳಿದ ಬೀಡಿ ಕಟ್ಟಲಿಕ್ಕಿದೆ.